ಮೇಸ್ತ್ರಿ ಒಬ್ಬರೇ ಸಾಕೇ? ಸ್ವಂತ ಮನೆ ಕಟ್ಟುವಾಗ ಯಾರು ಬೇಕು, ಯಾವಾಗ ಬೇಕು

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ನಮ್ಮದೊಂದು 30x40 ಅಡಿಯ ನಿವೇಶನವಿದೆ. ನೆಲಮಹಡಿ ಮತ್ತು ಅದರ ಮೇಲೊಂದು ಮಹಡಿ ಕಟ್ಟಬೇಕೆಂದಿದ್ದೇವೆ. ಪರಿಚಯದ ಮೇಸ್ತ್ರಿಯೊಬ್ಬರು, ‘ಪ್ಲಾನಿನಿಂದ ಹಿಡಿದು ಪೇಂಟಿಂಗ್‌ವರೆಗೆ ಎಲ್ಲವನ್ನೂ ನಾನೇ ಮಾಡಿಸಿಕೊಡುತ್ತೇನೆ, ಇಂಜಿನಿಯರಿಗೆ ಸುಮ್ಮನೆ ಯಾಕೆ ದುಡ್ಡು ಕೊಡುತ್ತೀರಿ’ ಎನ್ನುತ್ತಿದ್ದಾರೆ. ನಾವಿಬ್ಬರೂ ಶಿಕ್ಷಕರು, ಈ ಕೆಲಸದ ಅನುಭವ ನಮಗಿಲ್ಲ. ನಿಜವಾಗಿ ಯಾರು ಯಾರನ್ನು ಗೊತ್ತುಮಾಡಿಕೊಳ್ಳಬೇಕು, ಯಾವ ಹಂತದಲ್ಲಿ?

ಉತ್ತರ: ಆ ಮೇಸ್ತ್ರಿಯನ್ನು ಬಿಡಬೇಡಿ. ಪರಿಚಯದವರು, ಊರಿನವರು, ನಾಳೆ ಏನಾದರೂ ಆದರೆ ಕರೆದರೆ ಬರುವವರು ಸಿಗುವುದು ಈಗ ಸುಲಭವಲ್ಲ. ಆದರೆ ಅವರು ಕಟ್ಟಿದ್ದನ್ನು ಅವರೇ ನೋಡಿ ‘ಸರಿಯಾಗಿದೆ’ ಎನ್ನುವ ಏರ್ಪಾಡಿಗೆ ಮಾತ್ರ ಒಪ್ಪಬೇಡಿ. ಮನೆ ಕಟ್ಟುವುದರಲ್ಲಿ ಏನು ಕಟ್ಟಬೇಕೆಂದು ತೀರ್ಮಾನಿಸುವುದು, ಅದನ್ನು ಕಟ್ಟುವುದು, ಕಟ್ಟಿದ್ದು ತೀರ್ಮಾನದಂತೆ ಇದೆಯೇ ಎಂದು ನೋಡುವುದು ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನೂ ಕೊನೆಯದನ್ನೂ ಒಬ್ಬ ಇಂಜಿನಿಯರೇ ಮಾಡಬಹುದು. ಆದರೆ ಕಟ್ಟುವವರೂ ನೋಡುವವರೂ ಒಬ್ಬರೇ ಆಗಬಾರದು, ಮತ್ತು ನೋಡುವವರ ಸಂಬಳ ಕಟ್ಟುವವರ ಜೇಬಿನಿಂದ ಹೋಗಬಾರದು. ಮೇಸ್ತ್ರಿ ಅಪ್ರಾಮಾಣಿಕರೆಂದು ನಾನು ಈ ಮಾತು ಹೇಳುತ್ತಿಲ್ಲ. ಮನೆಯ ಕೆಲಸದಲ್ಲಿ ಬಹುಪಾಲು ತಪ್ಪುಗಳು ಮರುದಿನವೇ ಇನ್ನೊಬ್ಬರ ಕೆಲಸದ ಕೆಳಗೆ ಮುಚ್ಚಿಹೋಗುತ್ತವೆ. ಕಂಬಿಯನ್ನು ಕಾಂಕ್ರೀಟ್ ಮುಚ್ಚುತ್ತದೆ, ಪೈಪನ್ನು ಗಾರೆ ಮುಚ್ಚುತ್ತದೆ, ಗಾರೆಯನ್ನು ಬಣ್ಣ ಮುಚ್ಚುತ್ತದೆ. ಮುಚ್ಚುವ ಮುನ್ನ ನೋಡುವ ಕಣ್ಣು ನಿಮ್ಮದಾಗಿರಬೇಕು, ಅಥವಾ ನೀವು ನೇಮಿಸಿದವರದಾಗಿರಬೇಕು.

ಇಟ್ಟಿಗೆ, ಸಿಮೆಂಟಿನ ಮಾತಿಗೆ ಮುಂಚೆ ಕಾಗದಪತ್ರದ ಕೆಲಸವಿದೆ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ನಿವೇಶನದ ಮೂಲ ಪತ್ರಗಳು, ಭೂ ಪರಿವರ್ತನೆಯ ಆದೇಶ, ಬಡಾವಣೆಗೆ ಸಿಕ್ಕಿರುವ ಅನುಮೋದನೆ, ಇ-ಖಾತಾ ಹಾಗೂ ಋಣಭಾರ ಪ್ರಮಾಣಪತ್ರ ಇವಿಷ್ಟನ್ನೂ ಆಸ್ತಿ ವ್ಯವಹಾರ ಬಲ್ಲ ವಕೀಲರೊಬ್ಬರಿಗೆ ತೋರಿಸಿ ಲಿಖಿತ ಅಭಿಪ್ರಾಯ ಪಡೆಯಿರಿ. ಆಮೇಲೆ ಸರ್ವೇಯರ್ ಒಬ್ಬರಿಂದ ನಾಲ್ಕೂ ಮೂಲೆಗಳಿಗೆ ಕಲ್ಲು ನೆಡಿಸಿ. ಪಕ್ಕದವರ ಕಾಂಪೌಂಡ್ ನಿಮ್ಮ ಜಾಗದೊಳಕ್ಕೆ ಅರ್ಧ ಅಡಿ ಬಂದಿರುವುದು ಪಾಯ ತೋಡಿದ ಮೇಲೆ ಗೊತ್ತಾದರೆ, 30 ಅಡಿ ಅಗಲದ ನಿವೇಶನದಲ್ಲಿ ಆ ಅರ್ಧ ಅಡಿಯೇ ಮೆಟ್ಟಿಲನ್ನು ಕಿರಿದಾಗಿಸುತ್ತದೆ. ಸಾಲ ತೆಗೆದುಕೊಳ್ಳುವುದಾದರೆ ಬ್ಯಾಂಕಿನ ಕಡೆಯಿಂದಲೂ ಒಬ್ಬ ವಕೀಲರು, ಒಬ್ಬ ಇಂಜಿನಿಯರ್ ಬರುತ್ತಾರೆ. ಅವರು ನೋಡುವುದು ಬ್ಯಾಂಕಿನ ಹಣಕ್ಕೆ ಭದ್ರತೆ ಇದೆಯೇ, ಕೆಲಸ ಎಷ್ಟು ಮುಂದೆ ಹೋಗಿದೆ ಎಂಬುದನ್ನು. ತೊಲೆಯೊಳಗೆ ಎಷ್ಟು ಕಂಬಿ ಇದೆ ಎಂದು ನೋಡುವುದು ಅವರ ಕೆಲಸವಲ್ಲ. ‘ಬ್ಯಾಂಕಿನವರು ಬಂದು ನೋಡಿ ಹೋಗಿದ್ದಾರೆ’ ಎಂದು ನೆಮ್ಮದಿಯಿಂದ ಕೂತ ಅನೇಕ ಮಾಲೀಕರನ್ನು ಕಂಡಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ನಕ್ಷೆಯ ವಿಷಯಕ್ಕೆ ಬರೋಣ, ಏಕೆಂದರೆ ಜನ ಹೆಚ್ಚು ಎಡವುವುದು ಇಲ್ಲಿಯೇ. ಪಾಲಿಕೆಯ ಅನುಮತಿಗೆ ಸಲ್ಲಿಸುವ ನಕ್ಷೆಯೇ ಮನೆಯ ನಕ್ಷೆ ಎಂದು ಬಹಳಷ್ಟು ಜನ ತಿಳಿದಿರುತ್ತಾರೆ. ಆ ಹಾಳೆಯಲ್ಲಿರುವುದು ಕೋಣೆಗಳ ಅಳತೆ, ಸುತ್ತ ಬಿಡುವ ಜಾಗ, ಕಟ್ಟಡದ ಎತ್ತರ ಮುಂತಾದವು, ಅಂದರೆ ನಿಯಮ ಪಾಲನೆಯಾಗಿದೆ ಎಂದು ಇಲಾಖೆಗೆ ತೋರಿಸಲು ಬೇಕಾದಷ್ಟು ವಿವರ ಮಾತ್ರ. ಅದನ್ನು ಹಿಡಿದುಕೊಂಡು ಗಾರೆಯವರು ಮನೆ ಕಟ್ಟಲಾರರು. ಕಟ್ಟಲು ಬೇಕಾದದ್ದು ಕೆಲಸದ ನಕ್ಷೆಗಳು: ಪ್ರತಿ ಗೋಡೆಯ ದಪ್ಪ, ಬಾಗಿಲು ಕಿಟಕಿಗಳ ನಿಖರ ಜಾಗ, ಮೆಟ್ಟಿಲಿನ ಪ್ರತಿ ಹೆಜ್ಜೆಯ ಎತ್ತರ, ಸ್ನಾನದ ಮನೆಯ ನೆಲ ಎಷ್ಟು ತಗ್ಗಿರಬೇಕು, ಸ್ವಿಚ್ಚು ಎಲ್ಲಿ, ನಲ್ಲಿ ಎಲ್ಲಿ ಎಂಬ ವಿವರಗಳು. ಅವನ್ನು ತಯಾರಿಸುವವರು ಆರ್ಕಿಟೆಕ್ಟ್. 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆ ಹೆಸರನ್ನು ಬಳಸಬಹುದು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ನಿಮ್ಮಷ್ಟು ಅಳತೆಯ ಮನೆಗೆ ಅನುಭವಸ್ಥ ಸಿವಿಲ್ ಇಂಜಿನಿಯರ್ ಕೂಡ ಒಳ್ಳೆಯ ಕೆಲಸದ ನಕ್ಷೆ ಮಾಡಿಕೊಡಬಲ್ಲರು. ಆದರೆ ಮೂರೂ ಕಡೆ ಮನೆಗಳಿರುವ 30x40ರಲ್ಲಿ ನಡುಮನೆಗೆ ಗಾಳಿ ಬೆಳಕು ತರುವುದು ನಿಜಕ್ಕೂ ಕಷ್ಟದ ಕೆಲಸ. ಹಗಲಿನಲ್ಲೂ ದೀಪ ಹಾಕಿಕೊಳ್ಳಬೇಕಾದ ಅಡುಗೆಮನೆಗಳನ್ನು ನೋಡಿದಾಗಲೆಲ್ಲ ಇಲ್ಲಿ ಒಬ್ಬ ಆರ್ಕಿಟೆಕ್ಟ್ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಆರ್ಕಿಟೆಕ್ಟ್ ಇರಲಿ, ಇಲ್ಲದಿರಲಿ, ಸ್ಟ್ರಕ್ಚರಲ್ ಇಂಜಿನಿಯರ್ ಇಲ್ಲದೆ ಎರಡು ಅಂತಸ್ತಿನ ಮನೆಗೆ ಕೈಹಾಕಬೇಡಿ. ಅಡಿಪಾಯದ ಅಳತೆ, ಕಂಬ, ತೊಲೆ, ಚಾವಣಿಗಳ ದಪ್ಪ, ಎಲ್ಲಿ ಎಷ್ಟು ಎಂಎಂ ಕಂಬಿ, ಎಷ್ಟು ಅಂತರದಲ್ಲಿ ರಿಂಗು (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಸಣ್ಣ ಕಂಬಿ) ಎಂಬುದನ್ನು ಭಾರದ ಲೆಕ್ಕ ಹಾಕಿ ಬರೆದುಕೊಡುವವರು ಅವರು. ನಮ್ಮ ಊರುಗಳಲ್ಲಿ ಈ ಒಬ್ಬರನ್ನೇ ಬಿಟ್ಟು ಉಳಿದವರನ್ನೆಲ್ಲ ಕರೆಯುತ್ತಾರೆ. ‘ಪಕ್ಕದ ಮನೆಗೆ ಇದೇ ಕಂಬ ಹಾಕಿದ್ದೇವೆ, ಇಷ್ಟೇ ಕಂಬಿ ಕೊಟ್ಟಿದ್ದೇವೆ, ಗಟ್ಟಿಯಾಗಿದೆ’ ಎಂಬುದು ಮೇಸ್ತ್ರಿಗಳ ಸಾಮಾನ್ಯ ಸಮರ್ಥನೆ. ಪಕ್ಕದ ಮನೆಯಲ್ಲಿ ಹಜಾರ 10 ಅಡಿ ಅಗಲವಿದ್ದು ನಿಮ್ಮದು 16 ಅಡಿ ಇರಬಹುದು, ಅವರ ಓವರ್‌ಹೆಡ್ ಟ್ಯಾಂಕ್ ಗೋಡೆಯ ಮೇಲೆ ಕೂತಿದ್ದರೆ ನಿಮ್ಮದು ಚಾವಣಿಯ ನಡುವೆ ಬರಬಹುದು. ಒಂದು ಸಾವಿರ ಲೀಟರ್ ನೀರಿನ ತೂಕವೇ ಒಂದು ಟನ್. ಅನೇಕ ಕಡೆ ಲೆಕ್ಕವಿಲ್ಲದೆ ಹಾಕಿದ ಕಂಬಿ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ, ಆದರೆ ಬೇಡದ ಜಾಗದಲ್ಲಿ ಇರುತ್ತದೆ. ಹೀಗಾಗಿ ಇಂಜಿನಿಯರಿಗೆ ಕೊಡುವ ಶುಲ್ಕದ ಒಂದು ಭಾಗವಾದರೂ ಕಬ್ಬಿಣದ ಅಂಗಡಿಯ ಬಿಲ್ಲಿನಲ್ಲಿ ಉಳಿಯುವುದುಂಟು.

ಆ ಇಂಜಿನಿಯರ್ ಮೊದಲು ನೋಡಬೇಕಾದದ್ದು ಮಣ್ಣನ್ನು. ನಿಮ್ಮ ಕಡೆಯ ಕೆಂಪು ಮಣ್ಣು, ಅದರ ಕೆಳಗಿನ ಜಲ್ಲಿಮಿಶ್ರಿತ ಗಟ್ಟಿ ಪದರ ಸಾಧಾರಣ ಮನೆಗಳನ್ನು ಚೆನ್ನಾಗಿ ಹೊರುತ್ತದೆ. ಒಂದೆರಡು ಕಡೆ ಗುಂಡಿ ತೆಗೆಸಿ ನೋಡಿದರೆ ಅನುಭವಸ್ಥರಿಗೆ ಅಂದಾಜು ಸಿಗುತ್ತದೆ. ಹಳೆಯ ಕೆರೆಯಂಗಳ, ಮಣ್ಣು ತುಂಬಿಸಿದ ಹಳ್ಳ, ಇಲ್ಲವೇ ಎರೆಮಣ್ಣು ಇದ್ದರೆ ಮಾತು ಬೇರೆ. ಆಗ ಪ್ರಯೋಗಾಲಯದವರಿಂದ ಮಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಗದಗ, ವಿಜಯಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯಿಬಿಡುತ್ತದೆ. ಅಂಥ ನೆಲದಲ್ಲಿ ತುಮಕೂರಿನ ಪಾಯದ ಅಳತೆಯನ್ನೇ ಹಾಕಿದರೆ ಗೋಡೆಗಳು ಕಿಟಕಿಯ ಮೂಲೆಗಳಿಂದ ಓರೆಯಾಗಿ ಸೀಳುತ್ತವೆ. ಕೊಳವೆಬಾವಿ ಕೊರೆಸುವುದಿದ್ದರೆ ಅದೂ ಪಾಯಕ್ಕೆ ಮುಂಚೆಯೇ ಆಗಲಿ, ಏಕೆಂದರೆ ಗೋಡೆ ಎದ್ದ ಮೇಲೆ ರಿಗ್ ಲಾರಿ ಒಳಗೆ ಬರುವುದಿಲ್ಲ.

ಇನ್ನು ಮೇಸ್ತ್ರಿಯ ಒಪ್ಪಂದ. ನಮ್ಮಲ್ಲಿ ಎರಡು ಬಗೆಯಿದೆ. ಲೇಬರ್ ಕಾಂಟ್ರಾಕ್ಟ್ ಎಂದರೆ ಸಾಮಾನು ನಿಮ್ಮದು, ಕೂಲಿ ಅವರದು. ವಿತ್ ಮೆಟೀರಿಯಲ್ ಎಂದರೆ ಎರಡೂ ಅವರದೇ. ಇಬ್ಬರೂ ಶಾಲೆಗೆ ಹೋಗುವ ನಿಮಗೆ ದಿನವೂ ಜಲ್ಲಿ, ಎಂ-ಸ್ಯಾಂಡ್ ಲೋಡುಗಳನ್ನು ಅಳೆದು ಇಳಿಸಿಕೊಳ್ಳುವುದು ಸಾಧ್ಯವಾಗದಿರಬಹುದು. ಹಾಗಿದ್ದರೆ ಎರಡನೆಯದೇ ವಾಸಿ, ಆದರೆ ಸಿಮೆಂಟ್, ಕಬ್ಬಿಣ, ವೈರು, ಪೈಪು, ಟೈಲ್ಸ್ ಪ್ರತಿಯೊಂದರ ಬ್ರ್ಯಾಂಡ್ ಮತ್ತು ದರ್ಜೆ ಒಪ್ಪಂದದಲ್ಲಿ ಬರೆದಿರಬೇಕು. ದರವನ್ನು ಚದರದ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಎಂದರೆ 100 ಚದರ ಅಡಿ. ಜಗಳ ಬರುವುದು ದರದ ಬಗ್ಗೆ ಅಲ್ಲ, ಚದರದೊಳಗೆ ಏನೇನು ಸೇರಿದೆ ಎಂಬುದರ ಬಗ್ಗೆ. ಸಂಪು, ಕಾಂಪೌಂಡ್ ಗೋಡೆ, ಪ್ಯಾರಪೆಟ್, ಮೆಟ್ಟಿಲಿನ ಮೇಲಿನ ಕೋಣೆ, ಸಜ್ಜಾ, ಬಾಲ್ಕನಿ, ಮುಂಭಾಗದ ಎಲಿವೇಷನ್ ಇವುಗಳಲ್ಲಿ ಯಾವುದು ಒಳಗೆ, ಯಾವುದು ಎಕ್ಸ್‌ಟ್ರಾ, ಬಾಲ್ಕನಿಯನ್ನು ಪೂರ್ತಿ ಅಳೆಯುತ್ತಾರೋ ಅರ್ಧವೋ ಎಂಬುದನ್ನು ಮೊದಲೇ ಬರೆದುಕೊಳ್ಳಿ. ಮೇಸ್ತ್ರಿ ಪರಿಚಯದವರಾದ್ದರಿಂದ ಇದನ್ನೆಲ್ಲ ಬರೆಸಿಕೊಳ್ಳಲು ಮುಜುಗರವಾಗಬಹುದು. ಆ ಪರಿಚಯ ಉಳಿಯಬೇಕೆಂದಿದ್ದರೆ ಬರೆಸಿಕೊಳ್ಳುವುದೇ ಸರಿ.

‘ಎಲ್ಲವನ್ನೂ ನಾನೇ ಮಾಡುತ್ತೇನೆ’ ಎಂದು ಮೇಸ್ತ್ರಿ ಹೇಳಿದರೂ ಅವರ ಕೈಕೆಳಗೆ ಬರುವವರು ಬೇರೆ ಬೇರೆ ತಂಡಗಳು. ಗಾರೆಯವರು ಅವರ ಸ್ವಂತ ಜನ. ಕಂಬಿ ಕಟ್ಟುವವರು ಇನ್ನೊಂದು ತಂಡ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಶೀಟು, ಆಸರೆಗಳನ್ನು ನಿಲ್ಲಿಸುವ ಸೆಂಟ್ರಿಂಗ್‌ನವರು ಮತ್ತೊಂದು ತಂಡ. ಪ್ರತಿ ತಂಡಕ್ಕೂ ಅದರದೇ ಅವಸರವಿರುತ್ತದೆ, ಮತ್ತು ಅದನ್ನು ತಿಳಿದುಕೊಂಡರೆ ಎಲ್ಲಿ ನಿಗಾ ಇಡಬೇಕೆಂಬುದು ತಾನಾಗಿ ತಿಳಿಯುತ್ತದೆ. ಸೆಂಟ್ರಿಂಗ್‌ನವರನ್ನೇ ನೋಡಿ. ಅವರ ಶೀಟು, ಜಾಕುಗಳು ನಿಮ್ಮ ಮನೆಯಲ್ಲಿ ನಿಂತಷ್ಟು ದಿನ ಇನ್ನೊಂದು ಮನೆಯ ಬಾಡಿಗೆ ತಪ್ಪುತ್ತದೆ, ಆದ್ದರಿಂದ ಬೇಗ ಬಿಚ್ಚಲು ನೋಡುತ್ತಾರೆ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರ ಪ್ರಕಾರ, ಸಾಮಾನ್ಯ (ಒಪಿಸಿ) ಸಿಮೆಂಟ್ ಬಳಸಿದಾಗಲೂ 4.5 ಮೀಟರ್‌ವರೆಗಿನ ಚಾವಣಿಯ ಆಸರೆಗಳನ್ನು ಕನಿಷ್ಠ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ಉಳಿಸಬೇಕು. 6 ಮೀಟರ್‌ವರೆಗಿನ ತೊಲೆಗಳ ಆಸರೆ 14 ದಿನ, ಅದಕ್ಕೂ ಉದ್ದವಾದರೆ 21 ದಿನ. ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ನಿಧಾನವಾಗಿ ಬಲಗೊಳ್ಳುವುದರಿಂದ ಇನ್ನೂ ಕೆಲವು ದಿನ ಬಿಡುವುದು ಒಳ್ಳೆಯದು. ಎಷ್ಟು ದಿನ ಎಂಬುದನ್ನು ಇಂಜಿನಿಯರ್ ಹೇಳಲಿ, ಸೆಂಟ್ರಿಂಗ್‌ನವರಲ್ಲ.

ಮನೆ ಕಟ್ಟುವ ಎಲ್ಲ ದಿನಗಳಲ್ಲಿ ನೀವಿಬ್ಬರಲ್ಲಿ ಒಬ್ಬರಾದರೂ ರಜೆ ಹಾಕಿ ನಿಲ್ಲಬೇಕಾದ ದಿನವೆಂದರೆ ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ದಿನ, ಅದಕ್ಕಿಂತ ಮುಖ್ಯವಾಗಿ ಅದರ ಹಿಂದಿನ ಸಂಜೆ. ಆ ಸಂಜೆ ಇಂಜಿನಿಯರ್ ಶೀಟುಗಳ ಮೇಲೆ ಹತ್ತಿ ಟೇಪು ಹಿಡಿದು ಕಂಬಿಗಳ ಅಂತರ ನೋಡಬೇಕು. ಕಂಬಿಯ ಕೆಳಗೆ ಅದನ್ನು ಶೀಟಿನಿಂದ ಎತ್ತಿಹಿಡಿಯುವ ಕವರ್ ಬ್ಲಾಕ್ ಇದೆಯೇ, ಚಾವಣಿಗೆ 20 ಎಂಎಂ, ಕಂಬಕ್ಕೆ 40 ಎಂಎಂ ಕಾಂಕ್ರೀಟಿನ ಹೊದಿಕೆ ಸಿಗುತ್ತದೆಯೇ ಎಂದು ನೋಡಬೇಕು. ಹೊದಿಕೆಯಿಲ್ಲದ ಕಂಬಿಗೆ ಕೆಲವು ವರ್ಷಗಳಲ್ಲಿ ತುಕ್ಕು ಹಿಡಿದು ಉಬ್ಬಿ, ಚಾವಣಿಯ ಗಾರೆ ಹಲಗೆ ಹಲಗೆಯಾಗಿ ಕಳಚಿ ಬೀಳುವುದನ್ನು ನೀವೂ ಹಳೆಯ ಕಟ್ಟಡಗಳಲ್ಲಿ ಕಂಡಿರಬಹುದು.

ಬಾಲ್ಕನಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಗೋಡೆಯಿಂದ ಹೊರಚಾಚಿದ ಬಾಲ್ಕನಿಯಲ್ಲಿ ಭಾರ ಹೊರುವ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ, ಉಳಿದ ಚಾವಣಿಯಂತೆ ಕೆಳಗಲ್ಲ. ಹಲವು ವರ್ಷಗಳ ಹಿಂದೆ ನಾನೇ ನಕ್ಷೆ ಕೊಟ್ಟಿದ್ದ ಮನೆಯೊಂದರಲ್ಲಿ ಸಂಜೆ ಎಲ್ಲವನ್ನೂ ನೋಡಿ ಸರಿಯಿದೆ ಎಂದು ಹೇಳಿ ಬಂದಿದ್ದೆ. ಮರುದಿನ ಬೆಳಿಗ್ಗೆ ಬಾಂಡ್ಲಿ ಹೊತ್ತವರು ಅದೇ ಬಾಲ್ಕನಿಯ ಮೇಲೆ ದಾರಿ ಮಾಡಿಕೊಂಡು ಓಡಾಡಿದರು. ಮೇಲಿನ ಕಂಬಿಯನ್ನು ಎತ್ತಿಹಿಡಿಯಬೇಕಿದ್ದ ಚೇರುಗಳು ಸಾಲದೆ ಬಗ್ಗಿ, ಕಂಬಿ ತುಳಿತಕ್ಕೆ ಕೆಳಗೆ ಕೂತಿತು, ಯಾರೂ ಗಮನಿಸಲಿಲ್ಲ. ಆಸರೆ ಬಿಚ್ಚಿದ ದಿನ ಗೋಡೆಗುಂಟ ಕೂದಲೆಳೆಯಷ್ಟು ಬಿರುಕು ಕಂಡಿತು. ಉಳಿ ಸುತ್ತಿಗೆಯಿಂದ ಕೆತ್ತಿ ನೋಡಿದಾಗ ಮೇಲಿನ ಎರಡು ಇಂಚಿನವರೆಗೆ ಕಂಬಿಯೇ ಸಿಗಲಿಲ್ಲ. ಅದೃಷ್ಟಕ್ಕೆ ಯಾರೂ ಅದರ ಮೇಲೆ ನಿಂತಿರಲಿಲ್ಲ. ಆ ಬಾಲ್ಕನಿಯನ್ನು ಒಡೆದು ಮತ್ತೆ ಹಾಕಿಸಿದೆವು. ಅಂದಿನಿಂದ ಕಾಂಕ್ರೀಟ್ ಬೀಳುವಾಗಲೂ ನಾನಾಗಲಿ ನನ್ನ ಸಹಾಯಕರಾಗಲಿ ಶೀಟಿನ ಮೇಲೆ ಇದ್ದೇ ಇರುತ್ತೇವೆ. ನೀವು ಇಂಜಿನಿಯರಿಗೆ ಶುಲ್ಕ ಗೊತ್ತುಮಾಡುವಾಗ ನಕ್ಷೆಗೆ ಇಷ್ಟು, ಇಂತಿಂಥ ದಿನಗಳ ಭೇಟಿಗೆ ಇಷ್ಟು ಎಂದು ಬಿಡಿಸಿ ಮಾತಾಡಿ. ಪಾಯದ ಮಾರ್ಕಿಂಗ್, ಅಡಿಪಾಯದ ಕಂಬಿ, ಪ್ಲಿಂತ್ ತೊಲೆ (ಪಾಯದ ಮೇಲೆ, ನೆಲದ ಮಟ್ಟದಲ್ಲಿ ಬರುವ ತೊಲೆ), ಪ್ರತಿ ಚಾವಣಿಯ ಕಂಬಿ ಮತ್ತು ಕಾಂಕ್ರೀಟ್ ಈ ಭೇಟಿಗಳನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ.

ಅದೇ ದಿನ ನಿಮ್ಮ ಕಣ್ಣಿಗೂ ಕೆಲಸವಿದೆ. ಕಾಂಕ್ರೀಟ್ ಸಲೀಸಾಗಿ ಹರಿಯಲೆಂದು ಮಿಕ್ಸರಿಗೆ ನೀರು ಸುರಿಯುತ್ತಲೇ ಇರುತ್ತಾರೆ. ಸಿಮೆಂಟ್, ಮರಳು, ಜಲ್ಲಿ 1:1½:3ರ ಮಿಶ್ರಣದಲ್ಲಿ ಒಂದು ಚೀಲ, ಅಂದರೆ 50 ಕೆ.ಜಿ. ಸಿಮೆಂಟಿಗೆ ಗರಿಷ್ಠ 30 ಲೀಟರ್ ನೀರು. ಮರಳಿನಲ್ಲಿರುವ ತೇವವನ್ನೂ ಅದರಲ್ಲೇ ಲೆಕ್ಕ ಹಿಡಿಯಬೇಕು. ಅಳತೆಯ ಬಕೆಟ್ ಒಂದನ್ನು ನೀವೇ ತಂದು ಮಿಕ್ಸರಿನ ಪಕ್ಕದಲ್ಲಿಡಿ. ಆಮೇಲೆ ಚಾವಣಿಯ ಮೇಲೆ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ಗೋಣಿಚೀಲ ಸುತ್ತಿ ತೋಯಿಸುವುದು ಕನಿಷ್ಠ 10 ದಿನವಾದರೂ ತಪ್ಪದೆ ನಡೆಯಬೇಕು. ಈ ನೀರುಣಿಸುವ ಕೆಲಸ ಯಾರದೆಂದು ಒಪ್ಪಂದದಲ್ಲಿ ಬರೆಯದೇ ಇದ್ದರೆ ಅದು ಯಾರದೂ ಆಗುವುದಿಲ್ಲ.

ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಬೇಕಾಗುವುದು ಗೋಡೆ ಎದ್ದ ಮೇಲೆ ಎಂದು ನೀವು ಎಣಿಸಿರಬಹುದು. ಇಬ್ಬರನ್ನೂ ಮೊದಲ ಚಾವಣಿಗೆ ಮುಂಚೆಯೇ ಗೊತ್ತುಮಾಡಿರಬೇಕು. ಫ್ಯಾನಿನ ಹುಕ್ಕು, ದೀಪದ ಪೈಪುಗಳು ಚಾವಣಿಯ ಕಂಬಿಯ ನಡುವೆಯೇ ಮಲಗಬೇಕು. ಸ್ನಾನದ ಮನೆಯ ಕೊಳವೆ ತೊಲೆಯನ್ನು ದಾಟಬೇಕಿದ್ದರೆ ಆ ಜಾಗವನ್ನು ಇಂಜಿನಿಯರ್ ಒಪ್ಪಿ, ಕಾಂಕ್ರೀಟಿಗೆ ಮೊದಲೇ ತೂತಿಗೆ ಪೈಪಿನ ತುಂಡು ಇಟ್ಟಿರಬೇಕು. ಇಲ್ಲದಿದ್ದರೆ ಪ್ಲಂಬರ್ ಮುಂದೊಂದು ದಿನ ಬ್ರೇಕರ್ ಹಿಡಿದು ನಾಲ್ಕಿಂಚಿನ ಪೈಪಿಗಾಗಿ ತೊಲೆಯನ್ನೇ ಕೊರೆಯುತ್ತಾನೆ, ಅಡ್ಡ ಬಂದ ಕಂಬಿಯನ್ನು ಕತ್ತರಿಸುತ್ತಾನೆ. ಅದರ ಮೇಲೆ ಗಾರೆ ಬಿದ್ದರೆ ಇಂಜಿನಿಯರಿಗೂ ಗೊತ್ತಾಗುವುದಿಲ್ಲ. ಪ್ಲಂಬರ್ ಪೈಪು ಕೂರಿಸಿ ಮುಗಿಸಿದ ಮೇಲೆ, ಗಾರೆಯವರು ಮುಚ್ಚುವ ಮುನ್ನ, ಪೈಪುಗಳಲ್ಲಿ ಒತ್ತಡದ ನೀರು ತುಂಬಿ ಒಂದು ರಾತ್ರಿ ಬಿಟ್ಟು ಪ್ರತಿ ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿ. ಸ್ನಾನದ ಮನೆಗಳ ವಾಟರ್ ಪ್ರೂಫಿಂಗ್ ಆದ ಮೇಲೆ 48 ಗಂಟೆ ನೀರು ನಿಲ್ಲಿಸಿ ಕೆಳಗಿನ ಚಾವಣಿ ನೋಡುವ ತನಕ ಟೈಲ್ಸ್‌ನವರನ್ನು ಒಳಗೆ ಬಿಡಬೇಡಿ.

ವಿದ್ಯುತ್ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರ ಮೂಲಕವೇ ಆಗಬೇಕು, ಏಕೆಂದರೆ ಬೆಸ್ಕಾಂ ಸಂಪರ್ಕ ಕೊಡುವ ಮುನ್ನ ಅವರ ಸಹಿಯಿರುವ ಕೆಲಸ ಪೂರ್ಣಗೊಂಡ ವರದಿ ಬೇಕಾಗುತ್ತದೆ. ಕೆಲವರು ಕೆಲಸವನ್ನು ಯಾರಿಂದಲೋ ಮಾಡಿಸಿ ಸಹಿಯನ್ನು ಮಾತ್ರ ಪಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ದೀಪಗಳಿಗೆ 1.5, ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಚದರ ಎಂಎಂ ತಂತಿ, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇವು ಇರಲೇಬೇಕು. ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿದ ಮಗುವಿನ ಜೀವ ಉಳಿಸುವುದು ಆ ಕೊನೆಯ ಚಿಕ್ಕ ಪೆಟ್ಟಿಗೆಯೇ.

ಬಡಗಿಯದು ಎರಡು ಸಲದ ಬರವು. ಗೋಡೆ ಏಳುವಾಗ ಬಾಗಿಲ ಚೌಕಟ್ಟು, ಟೈಲ್ಸ್ ಆದ ಮೇಲೆ ಬಾಗಿಲು. ಹೊಸ್ತಿಲ ಪೂಜೆಯ ಮುಹೂರ್ತಕ್ಕೆ ಅವಸರ ಬಿದ್ದು ಹಸಿಮರದ ಚೌಕಟ್ಟು ತಂದರೆ ಮುಂದಿನ ಬೇಸಿಗೆಯಲ್ಲಿ ಅದು ತಿರುಚಿಕೊಳ್ಳುತ್ತದೆ. ಮರವನ್ನು ಮನೆ ಶುರುವಾಗುವ ಹೊತ್ತಿಗೇ ಕೊಂಡು ನೆರಳಲ್ಲಿ ಒಣಗಲು ಬಿಡಿ. ಚೌಕಟ್ಟು ನಿಲ್ಲಿಸುವಾಗ ಮುಂದೆ ಬರುವ ಗಾರೆ ಮತ್ತು ಟೈಲ್ಸಿನ ದಪ್ಪವನ್ನು ಸೇರಿಸಿ ನೆಲದ ಮಟ್ಟ ಎಲ್ಲಿಗೆ ಬರುತ್ತದೆಂದು ಗೋಡೆಯ ಮೇಲೆ ಗೆರೆ ಹಾಕಿಸಿ. ಬಡಗಿ, ಗಾರೆಯವರು, ಟೈಲ್ಸ್‌ನವರು ಮೂವರೂ ಆ ಒಂದೇ ಗೆರೆಯಿಂದ ಅಳೆಯಬೇಕು. ಕಿಟಕಿಯ ಗ್ರಿಲ್ ಮಾಡುವ ವೆಲ್ಡರಿಗೆ ನಕ್ಷೆಯ ಅಳತೆ ಕೊಡದೆ ಗೋಡೆಯ ಅಳತೆ ತೆಗೆದುಕೊಳ್ಳಲು ಹೇಳಿ. ಪೇಂಟರ್ ವಿಷಯದಲ್ಲಿ ನನ್ನ ಮಾತು ಒಂದೇ: ಗೃಹಪ್ರವೇಶದ ದಿನಾಂಕ ಏನೇ ಇರಲಿ, ಗೋಡೆ ಒಣಗುವ ಮುನ್ನ ಪುಟ್ಟಿ ಹಚ್ಚಿಸಬೇಡಿ.

ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡಬೇಡಿ, ಹಂತದ ಲೆಕ್ಕದಲ್ಲಿ ಕೊಡಿ: ಪ್ಲಿಂತ್ ಮುಗಿದಾಗ ಇಷ್ಟು, ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ಅಡ್ಡತೊಲೆ) ಮಟ್ಟಕ್ಕೆ ಇಷ್ಟು, ಚಾವಣಿಗೆ ಇಷ್ಟು, ಗಾರೆಗೆ ಇಷ್ಟು ಎಂದು. ಪ್ರತಿ ಹಂತದ ಹಣ ಇಂಜಿನಿಯರ್ ನೋಡಿ ಒಪ್ಪಿದ ಮೇಲೆ ಬಿಡುಗಡೆಯಾಗಲಿ, ಮತ್ತು ಒಪ್ಪಿದ ಮೇಲೆ ಒಂದು ದಿನವೂ ತಡವಾಗದಿರಲಿ. ಕೊನೆಯ ಶೇ. 5ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಮಾತಾಡಿಕೊಳ್ಳಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ‘ಸೇವೆ’ಯ ಅರ್ಥದಲ್ಲಿ ಸೇರಿದೆ. ಕೆಲಸ ಕೆಟ್ಟಾಗ ಗ್ರಾಹಕರ ಆಯೋಗದ ಬಾಗಿಲು ತಟ್ಟಬಹುದು, ಆದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆಯೇ ಬರೆಹದಲ್ಲಿ ಏನಿದೆ ಎಂಬುದು.

ಕೆಲಸಗಾರರ ಸುರಕ್ಷತೆಯ ಬಗ್ಗೆಯೂ ನೀವು ಮಾತಾಡಬೇಕು. ಸಾರುವೆ ಕಟ್ಟುವ ಕಂಬಗಳು ಗಟ್ಟಿಯಿರಲಿ, ಅಂಚಿನಲ್ಲಿ ತಡೆಯಿರಲಿ, ಸಂಪಿನ ಗುಂಡಿಗೆ ಹಲಗೆ ಮುಚ್ಚಿರಲಿ, ಯಾಕೆಂದರೆ ಆ ಜನರ ಮಕ್ಕಳು ಅಲ್ಲೇ ಆಡುತ್ತಿರುತ್ತಾರೆ. ರಸ್ತೆಯ ಬದಿಯ ವಿದ್ಯುತ್ ತಂತಿ ನಿಮ್ಮ ಮೊದಲ ಮಹಡಿಗೆ ಹತ್ತಿರವಿದ್ದರೆ ಕಂಬಿ ಮೇಲೇರಿಸುವ ಮುನ್ನವೇ ಬೆಸ್ಕಾಂಗೆ ಅರ್ಜಿ ಕೊಡಿ. ಉದ್ದ ಕಂಬಿ ತಂತಿಗೆ ತಗಲಿ ಆಗುವ ಸಾವುಗಳು ನಮ್ಮ ಊರುಗಳಲ್ಲಿ ಇನ್ನೂ ನಿಂತಿಲ್ಲ.

ಈಗ ನೀವು ಮಾಡಬೇಕಾದದ್ದು ಇಷ್ಟು. ಮೇಸ್ತ್ರಿಗೆ ಮುಂಗಡ ಕೊಡುವುದನ್ನು ಒಂದು ತಿಂಗಳು ತಡೆಯಿರಿ. ಆ ತಿಂಗಳಲ್ಲಿ ವಕೀಲರ ಅಭಿಪ್ರಾಯ, ಸರ್ವೇಯರ್ ಅಳತೆ, ಕೆಲಸದ ನಕ್ಷೆ, ಸ್ಟ್ರಕ್ಚರಲ್ ನಕ್ಷೆ ನಾಲ್ಕೂ ಕೈಗೆ ಬರಲಿ. ಬಳಿಕ ಒಂದು ಭಾನುವಾರ ಇಂಜಿನಿಯರನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ನಿವೇಶನಕ್ಕೆ ಕರೆಸಿ, ನಕ್ಷೆಯನ್ನು ನೆಲದ ಮೇಲೆ ಹಾಸಿ, ಒಂದೊಂದು ಹಾಳೆಯನ್ನೂ ಮೇಸ್ತ್ರಿಯ ಕೈಯಲ್ಲೇ ಓದಿಸಿ. ಎಲ್ಲಿ ಅವರಿಗೆ ಅನುಮಾನ ಬರುತ್ತದೋ ಅಲ್ಲಿ ಇಂಜಿನಿಯರ್ ವಿವರಿಸಲಿ. ಎಲ್ಲಿ ಮೇಸ್ತ್ರಿಯ ಅನುಭವ ‘ಇದು ಹೀಗೆ ಕಟ್ಟಲಾಗುವುದಿಲ್ಲ’ ಎನ್ನುತ್ತದೋ ಅಲ್ಲಿ ಇಂಜಿನಿಯರ್ ಕೇಳಿಸಿಕೊಳ್ಳಲಿ, ಏಕೆಂದರೆ ಅನೇಕ ಸಲ ಅವರ ಮಾತು ಸರಿಯಿರುತ್ತದೆ. ತಿದ್ದಿದ ನಕ್ಷೆಯ ಮೂರು ಪ್ರತಿ ಮಾಡಿಸಿ ಇಬ್ಬರ ಸಹಿಯನ್ನೂ ಪಡೆದು, ಅವರವರ ಪ್ರತಿ ಅವರಿಗೆ ಕೊಟ್ಟು, ಮೂರನೆಯದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಗುದ್ದಲಿ ಪೂಜೆಯ ದಿನವನ್ನು ಅದಾದ ಮೇಲೆ ನೋಡಿಸಿ.